ಸಾಹೇಬರ ದಾರ ಕಿತ್ತವಳಿಗೆ

ನನ್ನ ಹಟಮಾರಿ ಮುತ್ತಜ್ಜಿಗೆ,

ಗೆದ್ದೆವು ಕಣೇ! ಹಿರಿಯಳಿಗೆ ‘ಕಣೇ’ ಅನ್ನಬಾರದು, ಗೊತ್ತು. ಆದರೆ ನಾನು ಕಂಡಿರುವ ನಿನ್ನ ಒಂದೇ ಫೋಟೋದಲ್ಲಿ ನಿನಗಿನ್ನೂ ಇಪ್ಪತ್ತು ದಾಟಿಲ್ಲ, ನನಗೋ ನಲವತ್ತು ತುಂಬಿದೆ. ಬೈಯುವುದಿದ್ದರೆ ಆಮೇಲೆ ಬೈಯಿ, ಮೊದಲು ಸುದ್ದಿ ಕೇಳು.

ಆ ಫೋಟೋ ಇರುವುದು ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ. ಆಗ ನಮ್ಮನ್ನು ಆಳುತ್ತಿದ್ದ ಪರದೇಶದ ಸಾಹೇಬರು, ಯಾವ ಕುಲದವರ ಮೈಕಟ್ಟು ಹೇಗೆಂದು ಅಳೆಯಲು ಊರೂರು ತಿರುಗಿ ತೆಗೆದ ಗಾಜಿನ ಪ್ಲೇಟುಗಳು ಅಲ್ಲಿ ಪೆಟ್ಟಿಗೆಗಟ್ಟಲೆ ಇವೆ. ಅವರ ಉಪಾಯ ನಿನಗೆ ನೆನಪಿರಬೇಕು. ಮರದ ಚೌಕಟ್ಟಿಗೆ ಉದ್ದಕ್ಕೂ ಅಡ್ಡಕ್ಕೂ ದಾರ ಬಿಗಿದು, ಅದರ ಮುಂದೆ ಮನುಷ್ಯರನ್ನು ನಿಲ್ಲಿಸುವುದು. ಆಮೇಲೆ ಚೌಕ ನೋಡಿ ತೋಳು ಇಷ್ಟು, ಕಾಲು ಇಷ್ಟು ಎಂದು ಬರೆದುಕೊಳ್ಳುವುದು. ಅಂಗಡಿಯಲ್ಲಿ ಬಟ್ಟೆ ಅಳೆಯುವವನೂ ಗಿರಾಕಿಯ ಮುಖ ನೋಡುತ್ತಾನೆ. ಇವರು ಅಷ್ಟೂ ನೋಡಿರಲಿಕ್ಕಿಲ್ಲ.

ನಾನು ಕಸೂತಿ ಹಾಕುವ ಕಲಾವಿದೆ. ಆ ಹಳೆಯ ಚಿತ್ರಗಳಿಗೆ ಇಂದಿನ ಕಲಾವಿದರು ಉತ್ತರ ಕೊಡಲಿ ಎಂದು ಸಂಗ್ರಹಾಲಯದವರು ಪ್ರದರ್ಶನ ಏರ್ಪಡಿಸಿ ನನ್ನನ್ನೂ ಕರೆದಿದ್ದರು. ಆರಿಸಿಕೊಳ್ಳಲೆಂದು ತಂದ ಪ್ರತಿಗಳನ್ನು ಊಟದ ಮೇಜಿನ ಮೇಲೆ ಹರಡಿದ್ದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

“ಅಯ್ಯೋ, ಇದು ನಮ್ಮಜ್ಜಿ ಅಲ್ವೇನೇ! ಹುಬ್ಬಿನ ಮೇಲೆ ಮಗ್ಗದ ಲಾಳಿ ಬಡಿದ ಗಾಯ ನೋಡು. ಕಿವಿ ಹರಿದಿರೋದು ನೋಡು!”

ನನಗೆ ಎದೆ ತುಂಬಿ ಬಂತು, ಹಿಂದೆಯೇ ಮೈಯೂ ಉರಿಯಿತು. ಇಷ್ಟು ಕಾಲವಾದರೂ ನಿನ್ನನ್ನು ಆ ಚೌಕಗಳ ಮುಂದೆಯೇ ನಿಲ್ಲಿಸಿಟ್ಟಿದ್ದರಲ್ಲ! ನಿನ್ನ ಚಿತ್ರವನ್ನು ಆಳೆತ್ತರದ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಆ ಗೆರೆಗಳನ್ನೆಲ್ಲ ಕಸೂತಿಯಿಂದ ಮುಚ್ಚಿಬಿಡುತ್ತೇನೆಂದು ಹೊರಟೆ. ಸಂಗ್ರಹಾಲಯದ ಮುಖ್ಯಸ್ಥೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: “ದಾಖಲೆ ಚಿತ್ರದ ಮೇಲೆ ಸೂಜಿ ಆಡಿಸೋ ಹಾಗಿಲ್ಲಮ್ಮ, ಅದು ಬಟ್ಟೆ ಮೇಲಿನ ಪ್ರತಿ ಆದ್ರೂ ಸರಿ. ಹೇಗಿದೆಯೋ ಹಾಗೇ ತೋರಿಸ್ಬೇಕು. ಬೇಕಿದ್ರೆ ಪಕ್ಕದಲ್ಲಿ ನಿಮ್ಮದೇನಾದ್ರೂ ನೇತುಹಾಕಿ.” ಅವರು ಕೆಟ್ಟವರಲ್ಲ, ಇತಿಹಾಸವನ್ನು ಯಾರೂ ತಿದ್ದಬಾರದೆಂಬ ಕಾಳಜಿ. ಆದರೆ ಪಕ್ಕದಲ್ಲಿ ಏನು ನೇತುಹಾಕಿದರೂ ನೀನು ಮತ್ತೆ ಅವರ ಚೌಕದೊಳಗೇ ನಿಲ್ಲುತ್ತೀಯ, ಬಂದ ಜನ ಮತ್ತೆ ನಿನ್ನನ್ನು ಅಳೆಯುತ್ತಾರೆ. ಅದನ್ನು ಮಾತ್ರ ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಅಳುಮೋರೆ ಹಾಕಿಕೊಂಡು ಮನೆಗೆ ಬಂದವಳಿಗೆ ಅಮ್ಮನೇ ತೋರಿಸಿದ್ದು. ದೊಡ್ಡದು ಮಾಡಿಸಿದ ಪ್ರತಿಯಲ್ಲಿ ನಿನ್ನ ಸೊಂಟದ ಹತ್ತಿರ ಒಂದು ಅಡ್ಡದಾರವೇ ಇಲ್ಲ. ಅದರ ತುದಿ ನಿನ್ನ ಮುಷ್ಟಿಯಿಂದ ಜೋತಾಡುತ್ತಿದೆ! ಬಂಡಾಯ, ಬಂಡಾಯ ಎಂದು ಕುಣಿದಾಡಿಬಿಟ್ಟೆ. ಅಮ್ಮ ನಕ್ಕಳು. “ಬಂಡಾಯನೂ ಇಲ್ಲ, ಮಣ್ಣೂ ಇಲ್ಲ. ಕೈಗೆ ಸಿಕ್ಕಿದ ದಾರ ಎಳೀದೆ ಇದ್ರೆ ಅಜ್ಜಿಗೆ ಸಮಾಧಾನ ಇರ್ತಿರ್ಲಿಲ್ಲ. ನನ್ನ ಫ್ರಾಕಿನ ಅಂಚೆಲ್ಲ ಬಿಚ್ಚಿಟ್ಟಿದ್ಳು.” ಬಂಡಾಯವೋ ಚಾಳಿಯೋ, ನೀನೇ ಬಲ್ಲೆ. ಸಾಹೇಬರ ಅಳತೆಯಂತೂ ಕೆಟ್ಟಿತು.

ಮರುದಿನ ಅಮ್ಮನನ್ನೂ ಕರೆದುಕೊಂಡು ಹೋಗಿ ಆ ಪ್ರತಿಯನ್ನು ಮುಖ್ಯಸ್ಥೆಯ ಮುಂದಿಟ್ಟೆ. “ಮೇಡಂ, ಇದಕ್ಕೆ ಮೊದಲು ಕೈ ಹಾಕಿದೋಳು ನಾನಲ್ಲ, ಇವಳು. ಹೇಗಿದೆಯೋ ಹಾಗೇ ತೋರಿಸೋದಾದ್ರೆ, ಇವಳು ಶುರು ಮಾಡಿದ್ದನ್ನೂ ತೋರಿಸ್ಬೇಕಲ್ವಾ?” ಅವರು ಭೂತಗನ್ನಡಿ ಹಿಡಿದು ನಿನ್ನ ಮುಷ್ಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. “ಇಷ್ಟು ವರ್ಷ ಇದನ್ನ ಜೋಪಾನ ಮಾಡ್ತಿದೀನಿ, ಒಂದಿನಾನೂ ಕಣ್ಣಿಗೆ ಬೀಳ್ಲಿಲ್ವಲ್ಲ! ಹೊಲೀರಮ್ಮ, ಹೊಲೀರಿ.” ನೂಲಿನಂತೆ ಸೀರೆ ಎಂದು ಅಮ್ಮ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು.

ಗೆರೆ ಮುಚ್ಚುವ ಯೋಚನೆಯನ್ನೇ ಬಿಟ್ಟೆ. ನಿನ್ನ ಮುಷ್ಟಿಯಿಂದ ಒಂದು ಕೆಂಪು ದಾರ ಹೊರಡಿಸಿದೆ. ಅದು ಚೌಕಗಳನ್ನು ಒಂದೊಂದಾಗಿ ಬಿಚ್ಚುತ್ತ, ಚೌಕಟ್ಟು ದಾಟಿ, ನಿನ್ನ ಪಕ್ಕದಲ್ಲೇ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ ಬೇರೆ ಚಿತ್ರಗಳಲ್ಲಿ ನಿಂತವರ ಕೈಗೂ ಸಿಕ್ಕುತ್ತ ಹೋಗುತ್ತದೆ.

ಇವತ್ತು ಪ್ರದರ್ಶನ ತೆರೆಯಿತು. ಬಾಗಿಲವರೆಗೂ ಜನ. ಅಮ್ಮ ಬಂದವರಿಗೆಲ್ಲ “ನಮ್ಮಜ್ಜಿ, ನಮ್ಮಜ್ಜಿ” ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಾಳೆ. ನನಗೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಚಿತ್ರದ ಕೆಳಗಿನ ಫಲಕದಲ್ಲಿ ‘ಹೆಣ್ಣು, ನೇಕಾರ ಕುಲ’ ಎಂದಷ್ಟೇ ಇತ್ತು. ಮುಖ್ಯಸ್ಥೆ ತಾವೇ ಅದನ್ನು ಕಳಚಿ ಹೊಸದನ್ನು ಹಾಕಿದರು. ಕಲಾವಿದರು ಎಂಬಲ್ಲಿ ಈಗ ಇಬ್ಬರಿದ್ದೇವೆ. ಮೊದಲು ನಿನ್ನ ಹೆಸರು, ಅದರ ಕೆಳಗೆ ನನ್ನದು.

ನೀನಿರುವಲ್ಲಿಯೂ ನಿನ್ನ ಕೈಗೆ ಕೀಳಲು ದಾರ ಸಿಗುತ್ತಲೇ ಇರಲಿ.

ಹಟದಲ್ಲಿ ನಿನ್ನವಳೇ ಆದ,
ನಿನ್ನ ಮರಿಮಗಳು