ಗಿಡದಲ್ಲೇ ಅರಳಿದ ಮಲ್ಲಿಗೆ

ನನ್ನ ಲೀಲಕ್ಕಾ,

ನಿನಗೆ ನಾನು ಹಿಂದೆ ಒಂದೇ ಒಂದು ಕಾಗದ ಬರೆದಿದ್ದೆ. ಆರನೇ ಕ್ಲಾಸಿನಲ್ಲಿದ್ದಾಗ, ನೀನು ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋಗಿ ಹದಿನೈದು ದಿನ ಬಾರದಿದ್ದಾಗ. ನೀನು ಅದರ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ನನಗೇ ವಾಪಸು ಕಳಿಸಿದ್ದೆ. ಅಂಥ ಅಕ್ಕ ಬೇರೆ ಯಾರಿಗಾದರೂ ಉಂಟಾ? ಮನೆಯಲ್ಲಿ ನಾವು ತುಳುವಿನಲ್ಲೇ ಜಗಳ ಮಾಡಿದವರು. ಆದರೆ ಕಾಗದ ಎಂದರೆ ಕನ್ನಡದಲ್ಲಿರಬೇಕು, ಅಕ್ಷರ ದುಂಡಗಿರಬೇಕು ಎಂಬುದು ನಿನ್ನ ಕಾನೂನು. ಈಗ ತಿದ್ದಲಿಕ್ಕೆ ನೀನಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ನೀನು ಹೋಗಿ ಎರಡು ವರ್ಷವಾಯಿತು. ಹೇಳಬೇಕಾದ ಸುದ್ದಿ ತುಂಬಾ ಉಂಟು. ಒಂದೆರಡು ಬೈಗುಳವೂ ಉಂಟು.

ನಿನ್ನ ಕಡೆಯ ಬೇಸಗೆಯಲ್ಲಿ ನೀನು ಮನೆಯೊಳಗೆ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದದ್ದು ನೆನಪಾಗುತ್ತದೆ. ಮೈಯೆಲ್ಲ ಬೆವರು ಇಳಿಯುವ ಸೆಕೆ, ಫ್ಯಾನಿನ ಗಾಳಿಯೂ ಬಿಸಿ. "ಎಂತ ಮಾರಾಯ್ತಿ, ನೀನು ಫಾರಿನ್ ಲೇಡಿಯಾ?" ಎಂದು ನಾನು ಊಟದ ತಟ್ಟೆಯ ಮುಂದೆ ಕೂತು ನಕ್ಕೆ. ನೀನೂ ನಕ್ಕು, ಇನ್ನೊಂದು ಸೌಟು ಸಾರು ಬಡಿಸಿ ಹಾಸಿಗೆ ಹಿಡಿದಿದ್ದ ಅಮ್ಮನ ಮಗ್ಗುಲು ಬದಲಿಸಲು ಹೋದೆ. ಆ ಸಾಕ್ಸಿನೊಳಗೆ, ನಿನ್ನ ಪಾದದಲ್ಲಿ, ಸಕ್ಕರೆ ಕಾಯಿಲೆಯ ಹುಣ್ಣು ಆಗಲೇ ಕೀವು ತುಂಬಿಕೊಂಡಿತ್ತು, ಅದರ ನಂಜೇ ಕಡೆಗೆ ನಿನ್ನನ್ನು ಕೊಂಡೊಯ್ದಿತು. ಬಸ್ಸಿನಲ್ಲಿ ತುಂಬಿದ ಜನರ ನಡುವೆ ಯಾರು ಟಿಕೆಟ್ ತೆಗೆದಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದ ಕಂಡಕ್ಟರ್ ನಾನು. ಒಂದೇ ಮನೆಯಲ್ಲಿ ಕುಂಟುತ್ತಿದ್ದ ಅಕ್ಕ ನನಗೆ ಕಾಣಲಿಲ್ಲ. ಇದನ್ನು ಯಾರ ಹತ್ತಿರ ಹೇಳಲಿ?

ನಿನ್ನ ಹದಿಮೂರನೇ ದಿನದ ಕಾರ್ಯ ಕಳೆದ ಮರುದಿನ ಅಮ್ಮನ ಔಷಧದ ಡಬ್ಬಿ ತೆಗೆದೆ. ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಎಂದು ಕೂಡ ನನಗೆ ಗೊತ್ತಿರಲಿಲ್ಲ. ಅಡಿಯಲ್ಲಿ ಮೂರು ಚೀಟಿ ಸಿಕ್ಕಿದವು. ಮೂರರಲ್ಲೂ ನಿನ್ನ ಹೆಸರು, ಡಾಕ್ಟರನ್ನು ನೋಡಬೇಕಾದ ದಿನ. ಮೂರು ಸಲವೂ ನೀನು ಹೋಗಿರಲಿಲ್ಲ. ಯಾಕೆ ಎಂದು ಕೇಳಬೇಕಾ? ಅಮ್ಮನನ್ನು ಯಾರ ಕೈಯಲ್ಲಿ ಬಿಟ್ಟು ಹೋಗುವುದು? ನನ್ನ ಹತ್ತಿರ ಒಂದು ದಿನ ರಜೆ ಹಾಕು ಎಂದು ಹೇಳಬಹುದಿತ್ತಲ್ಲ ಅಕ್ಕಾ. ಹೇಳಿದ್ದರೆ ನಾನು ಹಾಕುತ್ತಿದ್ದೆನೋ, ಇಲ್ಲ "ಮುಂದಿನ ವಾರ ನೋಡುವ" ಎನ್ನುತ್ತಿದ್ದೆನೋ... ಆ ದಿನ ನಿನ್ನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಅಡುಗೆ ಕೋಣೆಯಲ್ಲಿ ನಿಂತು ಜೋರಾಗಿ ಬೈದೆ, ಆಮೇಲೆ ಅಲ್ಲೇ ಕೂತು ಅತ್ತೆ.

ಅಮ್ಮನಿಗೆ ಮೊದಲ ಸಲ ಸ್ನಾನ ಮಾಡಿಸಿದ ದಿನ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಗಬೇಡ. ಗಂಡುಮಗ ತಾಯಿಯ ಮೈ ಹೇಗೆ ತೊಳೆಯುವುದು? ಕಣ್ಣು ಮುಚ್ಚಿ ನೀರು ಹೊಯ್ದರೆ ಅದು ಅವಳ ಮೂಗಿಗೆ ಹೋಯಿತು. ಲಕ್ವ ಹೊಡೆದ ಮೇಲೆ ನಾಲ್ಕು ಮಾತು ಸರಿಯಾಗಿ ಆಡದವಳು ಅವತ್ತು ನನ್ನನ್ನು "ಮಂಗ" ಎಂದು ಸ್ಪಷ್ಟವಾಗಿ ಬೈದಳು. ಅಲ್ಲಿಗೆ ನಮ್ಮಿಬ್ಬರ ನಾಚಿಕೆಯೂ ಹೋಯಿತು. ಬಸ್ಸಿನ ಕೆಲಸ ಬಿಟ್ಟೆ. ನಮ್ಮ ಅಂಗಳದ ಮಲ್ಲಿಗೆ ಗಿಡಗಳೇ ನನಗೂ ಅಮ್ಮನಿಗೂ ಗತಿಯಾದವು. ಅಮ್ಮನ ಬೆನ್ನಿಗೆ ಒಂದೇ ಒಂದು ಹಾಸಿಗೆ ಹುಣ್ಣು ಬರಲಿಲ್ಲ ಎಂದು ಡಾಕ್ಟರು ಹೊಗಳಿದಾಗ ಬೀಗಿದೆ. ನೀನು ಕಾದದ್ದನ್ನು ನಾನೂ ಕಾದೆ.

ನೀನು ಕಾದ ಇನ್ನೊಂದನ್ನೂ ಕಾದೆ, ಅದೇ ತಪ್ಪಾದದ್ದು. ಹೂ ಕಟ್ಟಿಸಿ ಮಾರುವ ಪಕ್ಕದ ಮನೆಯ ಜೆಸಿಂತಾ ಬಾಯಿ ದಿನಾ ಬೆಳಿಗ್ಗೆ ನಿನ್ನ ಹೂವಿಗಾಗಿ ಬಂದಾಗ ನೀನು ಬಾಗಿಲು ಎಳೆದುಕೊಂಡು, ಬುಟ್ಟಿಯನ್ನು ಗೇಟಿನಲ್ಲೇ ಕೊಡುತ್ತಿದ್ದದ್ದು ನಾನು ನೋಡಿದ್ದೆ. ಒಳಗೆ ಅಮ್ಮನ ಬಟ್ಟೆ, ಮೂತ್ರದ ವಾಸನೆ, ಡೆಟ್ಟಾಲು. ಜನ ನೋಡಿದರೆ ಅಮ್ಮನ ಮರ್ಯಾದೆ ಹೋಗುತ್ತದೆ ಎಂದು ನೀನು ಹೇಳುತ್ತಿದ್ದೆ. ನೀನು ಹೋದ ಮೇಲೆ ನಾನೂ ಬಾಗಿಲು ಎಳೆದುಕೊಂಡೆ. ಅಕ್ಕನ ಕ್ರಮ, ಮುರಿಯಬಾರದು ಎಂದುಕೊಂಡೆ. ಅದು ಕ್ರಮ ಅಲ್ಲ, ಹೆದರಿಕೆ ಎಂದು ನನಗೆ ಆಗ ತಿಳಿಯಲಿಲ್ಲ.

ಹೋದ ಮಳೆಗಾಲ ಮುಗಿಯುವಾಗ ಅಮ್ಮನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುತ್ತಿದ್ದಂತೆ ತೊಡೆಸಂದಿಯಲ್ಲಿ ಏನೋ ಚಳಕ್ ಎಂದಿತು. ಮಣಿಪಾಲಕ್ಕೆ ಹೋಗಿ ಅವಸರದಲ್ಲಿ ತೋರಿಸಿ ಬಂದೆ. ಹರ್ನಿಯಾ. "ಬೇಗ ಆಪರೇಷನ್ ಮಾಡಿಸಿಕೊಳ್ಳಿ. ಆಮೇಲೆ ಆರು ವಾರ ಭಾರ ಎತ್ತಬಾರದು. ಕರುಳು ಸಿಕ್ಕಿಕೊಂಡರೆ ಜೀವಕ್ಕೇ ತೊಂದರೆ" ಎಂದರು ಡಾಕ್ಟರು. ಆರು ವಾರ! ಅಮ್ಮನನ್ನು ಆರು ಗಂಟೆ ಬಿಡಲಿಕ್ಕೆ ಜನ ಇಲ್ಲ. ಮೈ ಒರೆಸುವ ಬೈರಾಸನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು ಮತ್ತೆ ಎತ್ತಲು ಶುರು ಮಾಡಿದೆ. ಆಪರೇಷನ್ನಿನ ದಿನ ಎರಡು ಸಲ ಮುಂದೆ ಹಾಕಿಸಿದೆ. ಯಾರಿಗಾದರೂ ಹೇಳೋಣವೆಂದರೆ ಊದಿಕೊಂಡ ಜಾಗ ಎಂಥದ್ದು ನೋಡು, ಜೆಸಿಂತಾ ಬಾಯಿಗೆ ಹೇಳುವುದಾದರೂ ಹೇಗೆ? ನೀನು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು ಅಕ್ಕಾ. ಗೊತ್ತಿದ್ದೂ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಬಗ್ಗಲಿಕ್ಕೇ ಆಗಲಿಲ್ಲ, ಹೂ ಕೊಯ್ಯಲಿಲ್ಲ. ಗೇಟಿಗೆ ಬಂದ ಜೆಸಿಂತಾ ಬಾಯಿಗೆ ಇವತ್ತು ಹೂವಿಲ್ಲ ಎಂದು ಒಳಗಿನಿಂದಲೇ ಕೂಗಿ ಹೇಳಿದೆ. ನಮ್ಮ ಶಂಕರಪುರದಲ್ಲಿ ಅರಳಿದ ಮಲ್ಲಿಗೆಯನ್ನು ಗಿಡದಲ್ಲಿ ನೋಡಿದವರು ಯಾರು? ಬೆಳಕು ಹರಿಯುವ ಮೊದಲೇ ಮೊಗ್ಗು ಬುಟ್ಟಿಗೆ ಬಂದಿರುತ್ತದೆ, ಅರಳುವುದೇನಿದ್ದರೂ ಬೇರೆ ಊರಿನವರ ಮುಡಿಯಲ್ಲಿ. ಆ ದಿನ ನಾನು ಬಿಟ್ಟ ಮೊಗ್ಗೆಲ್ಲ ಸಂಜೆ ಅರಳಿ, ಮರುದಿನ ಬೆಳಿಗ್ಗೆಗೆ ಅಂಗಳವೆಲ್ಲ ಬೆಳ್ಳಗಾಗಿತ್ತಂತೆ. ನಾನು ನೋಡಲಿಲ್ಲ. ಅಮ್ಮನನ್ನು ಎತ್ತಲು ಹೋಗಿ, ನೋವಿಗೆ ಮಂಚದ ಬುಡದಲ್ಲಿ ಕುಸಿದು ಕೂತಿದ್ದೆ. ಜೆಸಿಂತಾ ಬಾಯಿ ಕಂಪೌಂಡಿನ ಆಚೆಯಿಂದ ಆ ಬಿಳಿ ನೋಡಿದವರೇ ಎದೆ ಹೊಡೆದುಕೊಂಡು ಓಡಿ ಬಂದರು. ಮಲ್ಲಿಗೆ ಬೆಳೆಯುವ ಮನೆಯಲ್ಲಿ ಹೂ ಗಿಡದಲ್ಲೇ ಅರಳಬೇಕಾದರೆ ಒಳಗೆ ಹೆಣ ಇರಬೇಕು ಎಂದುಕೊಂಡರಂತೆ. ಅಡುಗೆ ಕೋಣೆಯ ಬಾಗಿಲು ದೂಡಿ ನೇರ ಒಳಗೆ ಬಂದರು. ನಾನು ನೆಲದಲ್ಲಿ, ಅಮ್ಮ ಮಂಚದಲ್ಲಿ, ಬಟ್ಟೆ ಬದಲಿಸಿರಲಿಲ್ಲ. ನಾನು ಮೊದಲು ಹೇಳಿದ್ದೇನು ಗೊತ್ತಾ? "ಬಾಯಿ, ಒಳಗೆ ಬರಬೇಡಿ, ವಾಸನೆ ಉಂಟು."

ಅವರು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಅಲ್ಲ ವಸಂತ, ನಿನ್ನ ಅಕ್ಕನೂ ಇದನ್ನೇ ಹೇಳ್ತಿದ್ಲು. ಒಳಗೆ ಬರ್ಲಾ ಲೀಲಾ ಅಂತ ನಾನು ಎಷ್ಟು ಸಲ ಕೇಳಿದ್ದೇನೆ! ಬೇಡ ಬಾಯಿ, ವಾಸನೆ ಉಂಟು ಅಂತಿದ್ಲು. ನಾನು ಮರ್ಯಾದೆಗೆ ಗೇಟಿನಲ್ಲೇ ನಿಂತೆ. ನಿಂತು ನಿಂತು ಕಡೆಗೆ ಅವಳ ಹೆಣ ನೋಡ್ಲಿಕ್ಕೆ ಒಳಗೆ ಬಂದೆ. ಈಗ ನಿನ್ನದೂ ನೋಡ್ಬೇಕಾ? ನನಗೆ ಇನ್ನು ನಿಲ್ಲಲಿಕ್ಕೆ ಆಗುವುದಿಲ್ಲ ಮಾರಾಯ."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಅಳುತ್ತಲೇ ಅಮ್ಮನ ಬಟ್ಟೆ ಬದಲಿಸಿದರು. ನಾನು ಊದಿಕೊಂಡ ಜಾಗದ ಹೆಸರು ಹೇಳದೆ ಒದ್ದಾಡುತ್ತಿದ್ದರೆ, "ಎಂತ, ಹರ್ನಿಯಾ ಅಲ್ವಾ? ನನ್ನ ಗಂಡನಿಗೂ ಆಗಿತ್ತು. ಅದಕ್ಕೆ ಇಷ್ಟು ನಾಚಿಕೆಯಾ?" ಎಂದರು. ನೀನು ಹೋದ ಮೇಲೆ ಮೊದಲ ಸಲ ನನಗೆ ಉಸಿರು ಪೂರ್ತಿ ಒಳಗೆ ಹೋದ ಹಾಗಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅವರು ಬುಟ್ಟಿ ಹಿಡಿದು ನಿಂತಿದ್ದರು, ಹಿಂದೆ ಇನ್ನಿಬ್ಬರು ಹೆಂಗಸರು. ಅವರ ಜಗಲಿಯಲ್ಲಿ ದಿನಾ ಕೂತು ಹೂ ಕಟ್ಟುವವರು. "ಮೊಗ್ಗು, ಬಾಳೆನಾರು ಇದ್ದರೆ ಹೂ ಎಲ್ಲಿ ಬೇಕಾದ್ರೂ ಕಟ್ಟಬಹುದು. ಇನ್ನು ನಿಮ್ಮ ಚಾವಡಿಯಲ್ಲೇ ಕಟ್ಟುವುದು" ಎಂದು ನನ್ನನ್ನು ಕೇಳದೆ ಅಮ್ಮನ ಮಂಚದ ಸುತ್ತ ಚಾಪೆ ಹಾಸಿದರು. ಇಷ್ಟು ಸುಲಭದ ಉಪಾಯ ನಮಗೆ ಯಾಕೆ ಹೊಳೆಯಲಿಲ್ಲ ಅಕ್ಕಾ? ಕೆಲಸ ಬಿಟ್ಟು ಬಂದು ಕೂರುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಆದರೆ ಕೆಲಸವನ್ನೇ ಎತ್ತಿಕೊಂಡು ಬರಬಹುದಲ್ಲ.

ಅಮ್ಮನನ್ನು ಎತ್ತುವವರು ಯಾರು ಎಂಬ ಪ್ರಶ್ನೆ ಉಳಿದಿತ್ತು. ನಮ್ಮ ಮನೆಯ ಹಿಂದಿರುವ ಬಾಡಿಗೆ ಕೋಣೆಗೆ ಬಾದಾಮಿ ಕಡೆಯ ಬಸವ್ವ ಬಂದಿದ್ದಾಳೆ, ನೀನು ಅವಳನ್ನು ನೋಡಿಲ್ಲ. ಗಾರೆ ಕೆಲಸಕ್ಕೆ ಹೋಗುತ್ತಾಳೆ. ಜೆಸಿಂತಾ ಬಾಯಿ ಕರೆದು ವಿಷಯ ಹೇಳಿದ್ದೇ ತಡ, "ಸಿಮೆಂಟ್ ಚೀಲಾ ಎತ್ತಾಕಿ ನಾನು, ಈ ಅಜ್ಜಿ ಎಷ್ಟರ ಭಾರ ಅದಾಳ್ರೀ? ಅಣ್ಣಾರ, ನೀವು ಸುಮ್ನ ದವಾಖಾನಿಗೆ ಹೋಗಿ ಬರ್ರಿ" ಎಂದಳು. ಹೀಗೆ ಅವಳಿಂದ ದುಡ್ಡು ಕೊಡದೆ ಮಾಡಿಸಿಕೊಳ್ಳುವುದು ಸರಿಯಲ್ಲ ಎಂದು ನಾನು ಗೊಣಗಿದೆ. "ನಮ್ಮವ್ವನ್ನ ಊರಾಗ ನನ್ನ ತಂಗಿ ಒಬ್ಬಾಕಿನ ನೋಡ್ಕೊಂಡು ಕುಂತಾಳ್ರಿ. ನಾ ಇಲ್ಲಿ ಈ ಅಜ್ಜಿನ ಎತ್ತಿದ್ರ, ಆಕಿಗೆ ಒಂದೀಟು ಕೈ ಹಚ್ಚಿದಂಗ ಅನಸ್ತೈತಿ" ಎಂದಳು. ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಬಂದು ಅಮ್ಮನನ್ನು ಮಗುವಿನ ಹಾಗೆ ಎತ್ತಿ ಕುರ್ಚಿಗೆ ಕೂರಿಸುತ್ತಿದ್ದಳು.

ಆಪರೇಷನ್ ಆಯಿತು ಅಕ್ಕಾ. ಇದು ನಿನಗೆ ಹೇಳಬೇಕಿದ್ದ ದೊಡ್ಡ ಸುದ್ದಿ. ಆರು ವಾರ ಪೂರ್ತಿ ನಾನು ಒಂದು ಕೊಡ ನೀರೂ ಎತ್ತಲಿಲ್ಲ. ಮೊದಲ ವಾರ ಹುಚ್ಚು ಹಿಡಿದ ಹಾಗಿತ್ತು. ಅವರು ಅಮ್ಮನಿಗೆ ಗಂಜಿ ಬಿಸಿಯಾಗಿ ಕೊಟ್ಟರಾ, ದಿಂಬು ಸರಿ ಇಟ್ಟರಾ ಎಂದು ನೂರು ಸಲ ಇಣುಕುತ್ತಿದ್ದೆ. "ನೀನು ಆಚೆ ಹೋಗು" ಎಂದು ಅಮ್ಮನೇ ಎಡಗೈ ಬೀಸಿ ಓಡಿಸಿದಳು. ಅವಳಿಗೆ ನನ್ನ ಮುಖ ನೋಡಿ ನೋಡಿ ಸಾಕಾಗಿತ್ತು ಎಂದು ಕಾಣುತ್ತದೆ. ಇಡೀ ಊರಿನ ಸುದ್ದಿ ಮಂಚದ ಬುಡಕ್ಕೆ ಬರುವಾಗ ನನ್ನ ಮಾತು ಯಾರಿಗೆ ಬೇಕು? ಈಗ ಅವಳು ಎಡಗೈಯಲ್ಲಿ ಮೊಗ್ಗು ಜೋಡಿಸಿ ಕೊಡುತ್ತಾಳೆ, ನಿಧಾನಕ್ಕೆ. ಕಟ್ಟಿದ್ದು ಸಡಿಲವಾದರೆ ಬೆರಳಿನಿಂದ ಎಳೆದು ನೋಡಿ ಮುಖ ಸಿಂಡರಿಸುತ್ತಾಳೆ. ಜೆಸಿಂತಾ ಬಾಯಿ ಕೂಡ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ನಾನು ಹದಿನೆಂಟು ವರ್ಷ ಯಾವ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆನೋ ಅದರ ಡ್ರೈವರ್ ಸದಾಶಿವಣ್ಣನನ್ನು ಮೊನ್ನೆ ನೋಡಲು ಹೋಗಿದ್ದೆ. ಉದ್ಯಾವರದಲ್ಲಿ ಅವರ ಮನೆ. ಬಿದ್ದು ಸೊಂಟ ಮುರಿದು, ಮಲಗಿದಲ್ಲೇ ಇದ್ದಾರೆ. ಹೆಂಡತಿ ಗುಲಾಬಿಯಕ್ಕ ಬಾಗಿಲನ್ನು ಅರ್ಧ ತೆರೆದು, "ಇವರು ಮಲಗಿದ್ದಾರೆ, ಇನ್ನೊಮ್ಮೆ ಬನ್ನಿ" ಎಂದರು. ಆ ಅರ್ಧ ಬಾಗಿಲು ನನಗೆ ಗೊತ್ತಿಲ್ಲವಾ? "ಇನ್ನೊಮ್ಮೆ ಬರುವುದಿಲ್ಲ, ಈಗಲೇ ಬರ್ತೇನೆ. ನಮ್ಮ ಮನೆಯಲ್ಲೂ ಇದೇ ವಾಸನೆ ಉಂಟು" ಎಂದೆ. ಒಳಗೆ ಕೂತು, ನಿನ್ನ ವಿಷಯ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ, ನಾನು ನಕ್ಕದ್ದನ್ನೂ ಹೇಳಿದೆ. ಆಗ ಗುಲಾಬಿಯಕ್ಕ ದನಿ ತಗ್ಗಿಸಿ, ತನ್ನ ಎದೆಯಲ್ಲಿ ಒಂದು ಗಂಟು ಇದೆ, ನಾಲ್ಕು ತಿಂಗಳಾಯಿತು ಎಂದರು. ಗಂಡನಿಗೂ ಹೇಳಿರಲಿಲ್ಲವಂತೆ.

ಇವತ್ತು ಬೆಳಿಗ್ಗೆ ಅಮ್ಮನನ್ನು ಹೂ ಕಟ್ಟುವವರ ಕೈಗೆ ಬಿಟ್ಟು ಇಲ್ಲಿಗೆ ಬಂದೆ. ಹೌದು, ಸದಾಶಿವಣ್ಣನ ಮಂಚದ ಪಕ್ಕ ಕೂತೇ ಇದನ್ನು ಬರೆಯುತ್ತಿರುವುದು. ಗುಲಾಬಿಯಕ್ಕ ಗಂಜಿ ಎಲ್ಲಿ, ಮಾತ್ರೆ ಎಲ್ಲಿ ಎಂದು ಮೂರು ಮೂರು ಸಲ ಹೇಳಿ, ಗೇಟಿನಿಂದ ಎರಡು ಸಲ ವಾಪಸು ಬಂದು, ಕಡೆಗೂ ಮಣಿಪಾಲದ ಬಸ್ಸು ಹತ್ತಿದರು. ಇನ್ನು ಪ್ರತಿ ಬುಧವಾರ ನಾನು ಹೀಗೆ ಒಂದು ಮನೆಯಲ್ಲಿ ಕೂರುತ್ತೇನೆ ಅಕ್ಕಾ, ಇದು ನಿನಗೆ ಕೊಟ್ಟ ಮಾತು. ಈಗಷ್ಟೇ ಅವರ ಫೋನ್ ಬಂತು.

"ಇವರಿಗೆ ಗಂಜಿ ಕೊಟ್ರಾ? ಮಗ್ಗುಲು ಬದಲಿಸಿದ್ರಾ? ಇವರು ಎಂತ ಮಾಡ್ತಿದ್ದಾರೆ?"

"ಇವರ ವಿಷಯ ಬಿಡಿ ಗುಲಾಬಿಯಕ್ಕ. ನಿಮ್ಮದು ಹೇಳಿ. ನಿಮಗೆ ಹೇಗುಂಟು?"

ನಿನ್ನನ್ನು ನಾನು ಒಂದು ದಿನವೂ ಕೇಳದ ಮಾತು ಅದು. ಅವರು ಮೆಲ್ಲಗೆ ಹೇಳಲು ಶುರು ಮಾಡಿದರು. ಡಾಕ್ಟರು ನೋಡಿದರಂತೆ, ಪರೀಕ್ಷೆಗೆ ಕೊಟ್ಟಿದ್ದಾರಂತೆ, ಒಬ್ಬರೇ ಕೂತು ಹೆದರಿಕೆಯಾಗುತ್ತಿದೆಯಂತೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ. ನಾನು ನಡುವೆ ಬಾಯಿ ಹಾಕಲಿಲ್ಲ. ಅವರು ಹೇಳಿ ಮುಗಿಸುವವರೆಗೆ ಕೇಳಿದೆ.

ನಿನ್ನ ತಮ್ಮ,
ವಸಂತ