ಫೋಟೊ ಬಾರದಿದ್ದರೆ ಕಾಣುವ ಸಾಲು

ಅಪ್ಪಾ,

ಇವತ್ತು ಕ್ಲಾಸಿನಲ್ಲಿ ನಾವೇ ಮಾಡಿದ ವೆಬ್ ಪುಟ ತೋರಿಸಬೇಕಿತ್ತು. ನಾನು ನಿನ್ನ ಗಡಿಯಾರ ರಿಪೇರಿ ಅಂಗಡಿಯ ಪುಟ ಮಾಡಿದ್ದೆ. ಕಾಲೇಜು ಸೇರಿದ ವಾರವೇ ನೀನು ಕೇಳಿದ್ದೆ, "ನಮ್ಮಂಗಡಿಗೂ ಒಂದು ಮಾಡ್ಕೊಡಮ್ಮ" ಅಂತ. ಫೋನಿನಿಂದ ತಲೆ ಎತ್ತದೆ "ಆಮೇಲೆ ಮಾಡ್ತೀನಪ್ಪ" ಅಂದಿದ್ದೆ. ನೀನು ಹೋಗಿ ಐದು ತಿಂಗಳಾಯಿತು. ಅಂಗಡಿಯಲ್ಲಿ ಈಗ ಯಾರೋ ಚಪ್ಪಲಿ ಮಾರುತ್ತಾರೆ.

ಮನೆಯಲ್ಲಿ ಪುಟ ಸರಿಯಾಗಿಯೇ ಇತ್ತು. ಮೇಡಂ ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ನಿನ್ನ ಫೋಟೊ ಇರಬೇಕಾದ ಕಡೆ ಖಾಲಿ ಚೌಕ. ಫೋಟೊ ಬಾರದಿದ್ದರೆ ಅಲ್ಲೇನಿತ್ತೆಂದು ತಿಳಿಯಲಿ ಅಂತ ಒಂದು ಸಾಲು ಬರೆದಿಡುತ್ತಾರೆ. ಚೌಕದೊಳಗೆ ಆ ಸಾಲೊಂದೇ ಕೂತಿತ್ತು: "ಅಪ್ಪ ಅಂಗಡಿಯಲ್ಲಿದ್ದಾರೆ." ನಿನ್ನನ್ನು ಹುಡುಕಿಕೊಂಡು ಮನೆಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದ ಮಾತು.

"ಫೋಟೊನ ಮನೇಲೇ ಬಿಟ್ಟು ಬಂದಿದ್ದೀಯ," ಅಂದರು ಮೇಡಂ. "ಅದು ನಿನ್ನ ಕಂಪ್ಯೂಟರಲ್ಲಿ ಮಾತ್ರ ಕಾಣುತ್ತೆ, ಬೇರೆ ಯಾರಿಗೂ ಕಾಣಲ್ಲ." ಎಲ್ಲರೂ ನಕ್ಕರು. ಅವರದೇನು ತಪ್ಪು, ನೀನಿಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ.

ಪುಟ ಮುಚ್ಚುವಾಗ ಮೇಡಂ ಕೇಳಿದರು, "ಅಪ್ಪನಿಗೆ ತೋರಿಸಿದ್ಯಾ?"

"ಆಮೇಲೆ ತೋರಿಸ್ತೀನಿ ಮೇಡಂ," ಅಂದೆ.