ತಗಡು ಕಲಿಸಿದ ಕಾಕಾಗೆ, ಮರಳಿಯಿಂದ

ಮರಳಿ
ದೀಪಾವಳಿ ಕಳೆದ ವಾರ, ೧೯೪೯

ಉಮರಸಾಬ ಕಾಕಾ ಅವರಿಗೆ, ಮರಳಿಯ ದುರಗಮ್ಮನ ಮಗಳು ಗಾಳೆಮ್ಮ ಕೈಮುಗಿದು ತಿಳಿಸುವುದು.

ಈ ಪತ್ರವನ್ನು ಅಕ್ಕಿ ವ್ಯಾಪಾರದ ಅಮರಪ್ಪ ಸಾವಕಾರರು ನಿಮ್ಮ ಮುಂದೆ ಓದುತ್ತಾರೆ. ಕೈಯಲ್ಲಿರುವ ಕೆಲಸ ಕೆಳಗಿಡಿರಿ ಕಾಕಾ, ಕುಳಿತುಕೊಂಡು ಕೇಳಿರಿ. ಮಾತು ನನ್ನದು, ಅಕ್ಷರ ನಮ್ಮೂರ ಸಾಲಿಯ ಉಮಾಪತಿ ಮಾಸ್ತರರದು. ನಾನು ಹೇಳಿದ್ದನ್ನು ಅವರು ಪುಸ್ತಕದ ಮಾತಿಗೆ ತಿದ್ದಿ ಬರೆಯುತ್ತಿದ್ದಾರೆ. ಆದರೆ ನೀವು, ಚಾಚಿ, ಉಳಿದವರು ಆಡಿದ ಮಾತುಗಳನ್ನು ಮಾತ್ರ ಇದ್ದ ಹಾಗೆಯೇ ಬರೆಯಿರಿ ಎಂದು ಹೇಳಿದ್ದೇನೆ.

ಹೋದ ತಿಂಗಳು ಅಮರಪ್ಪನವರು ನಮ್ಮ ಹೊಸ್ತಿಲಲ್ಲಿ ನಿಂತು, ಸೋಲಾಪುರದ ಕಂದೀಲು ಅಂಗಡಿಯೊಂದರಲ್ಲಿ ನಿಮ್ಮನ್ನು ಕಂಡೆ ಎಂದರು. ಅವ್ವ ಅಲ್ಲೇ ಗೋಡೆಗೆ ಆತು ಕುಳಿತುಬಿಟ್ಟಳು. ನೀವು ಬದುಕಿದ್ದೀರಿ ಎಂದು ಹಿಗ್ಗಬೇಕಾಗಿತ್ತು. ಹಿಗ್ಗಲು ಆಗಲಿಲ್ಲ, ಯಾಕೆಂದರೆ ಅವರು ಇನ್ನೊಂದು ಮಾತು ಹೇಳಿದರು. ನೀವು ಊರಿನ ಬಗ್ಗೆ ಕೇಳಲೇ ಇಲ್ಲವಂತೆ. ಚಾಚಿಯ ಹೆಸರೆತ್ತಿ, ಶಾಹಜಾದಬಿ ಹೇಗಿದ್ದಾಳೆ ಎಂದು ಬಾಯಿ ತೆರೆದವರು ಅರ್ಧಕ್ಕೆ ನಿಲ್ಲಿಸಿ, ಕೆಲಸಕ್ಕೆ ತಿರುಗಿದಿರಂತೆ. ಕೇಳಲು ನಿಮಗೆ ಅಂಜಿಕೆ ಇದ್ದೀತು. ಅದಕ್ಕೇ ನಾನೇ ಹೇಳುತ್ತಿದ್ದೇನೆ. ಚಾಚಿ ಇಲ್ಲ ಕಾಕಾ. ಹೋದ ವರ್ಷ ಸುಗ್ಗಿಗೆ ಮೊದಲು, ಬತ್ತ ಇನ್ನೂ ಹಸಿರಾಗಿದ್ದಾಗ, ನಮ್ಮ ಮನೆಯಲ್ಲೇ ತೀರಿಕೊಂಡಳು. ಬೀದಿಯಲ್ಲಿ ಅಲ್ಲ. ಯಾರ ಕೈಯಿಂದಲೂ ಅಲ್ಲ. ಜ್ವರದಿಂದ, ನನ್ನ ಮತ್ತು ಅವ್ವನ ನಡುವೆ ಮಲಗಿದ್ದಾಗ.

ಸಾವಕಾರರೇ, ಇಲ್ಲಿ ಸ್ವಲ್ಪ ಓದುವುದನ್ನು ನಿಲ್ಲಿಸಿರಿ.

ಈಗ ಉಳಿದದ್ದನ್ನು ಹೇಳುತ್ತೇನೆ. ನೀವು ಇರದಿದ್ದಾಗ ನಡೆದದ್ದು ನಿಮಗೆ ಸೇರಿದ್ದು, ಅದು ನನ್ನಲ್ಲೇ ಉಳಿಯಬಾರದು.

ನನ್ನ ಕಣ್ಣನ್ನು ಸಿಡುಬು ತಿಂದಮೇಲೆ ಅವ್ವ ನನ್ನನ್ನು ಎಲ್ಲಿಗೆ ಹೋದರೂ ಕೈಹಿಡಿದು ಒಯ್ಯುತ್ತಿದ್ದಳು. ಗಂಗಾವತಿ ಸಂತೆಗೆ ಕಟ್ಟಿಗೆ ಹೊರೆ ತಂದಾಗ ನಿಮ್ಮ ಅಂಗಡಿಯ ಮುಂದಿನ ಬೇವಿನ ನೆರಳಿಗೆ ಕೂಡಿಸಿ ಹೋಗುವಳು. ನೀವು ಚಿಮಣಿ ಎಣ್ಣೆ ಡಬ್ಬಿಗಳನ್ನು ಸೀಳಿ, ತಗಡು ಬಿಡಿಸಿ ಬಡಿಯುತ್ತಿದ್ದಿರಿ. ಕತ್ತರಿಸಿ ಒಗೆದ ಚೂರುಗಳು ನನ್ನ ಕಾಲ ಬಳಿ ಬಂದು ಬೀಳುತ್ತಿದ್ದವು. ನಾನು ಅವನ್ನು ಆರಿಸಿ ಮಡಚುತ್ತಿದ್ದೆ, ಬಿಚ್ಚುತ್ತಿದ್ದೆ, ಮತ್ತೆ ಮಡಚುತ್ತಿದ್ದೆ. ಬೆರಳು ಕೊಯ್ದು ರಕ್ತ ಬಂದಾಗ ಓಡಿ ಬಂದವಳು ಚಾಚಿ. ಅರಿಷಿಣ ಒತ್ತಿ ಚಿಂದಿ ಕಟ್ಟಿದಳು. ನನ್ನ ಕೈಯಲ್ಲಿದ್ದ ಚೂರನ್ನು ತಿರುಗಿಸಿ ಮುಟ್ಟಿ ನೋಡಿ, "ಏನ್ರೀ, ಇಲ್ಲಿ ನೋಡ್ರಿ. ಈ ಹುಡಿಗಿ ಅಂಚು ಸರಿಯಾಗಿ ಮಡಚ್ಯಾಳ" ಎಂದು ನಿಮ್ಮನ್ನು ಕರೆದಳು.

ನೀವು ಹೇಳಿದ್ದು ನೆನಪಿದೆ. "ಕಣ್ಣಿಲ್ಲದ ಕೂಸಿನ ಕೈಯಾಗ ಕತ್ರಿ ಕೊಡು ಅಂತೀಯೇನು?"

"ಕಣ್ಣಿದ್ದೂ ನಿಮ್ಮ ಕೈಮ್ಯಾಗ ಗಾಯ ಇಲ್ಲದ ಜಾಗ ಎಲ್ಲೈತಿ, ತೋರಸ್ರಿ" ಎಂದಳು ಚಾಚಿ. ನೀವು ನಕ್ಕಿರಿ. ನಾನು ನಿಮ್ಮ ನಗೆ ಕೇಳಿದ್ದು ಅದೇ ಮೊದಲು.

ಆಮೇಲೆ ಬಹಳ ದಿನ ನೀವು ನನಗೆ ಕತ್ತರಿ ಕೊಡಲಿಲ್ಲ. ತಗಡಿನ ಮೈ ಸವರಿಸಿದಿರಿ. ತುಕ್ಕು ಎಲ್ಲಿ ಸುರುವಾಗಿದೆ, ಎಲ್ಲಿ ಬಡಿದರೆ ಹರಿಯುತ್ತದೆ ಎಂದು ಬೆರಳಿಗೆ ತೋರಿಸಿದಿರಿ. ಮೊಳೆಯಿಂದ ಗೀರು ಎಳೆದು, ಉಗುರನ್ನು ಅದರೊಳಗೆ ಇಟ್ಟುಕೊಂಡು ದಾರಿ ಹಿಡಿಯಲು ಹೇಳಿದಿರಿ. ರೈಲು ಹಳಿಯ ತುಂಡಿನ ಮೇಲೆ ಅಂಚು ಇಟ್ಟು ಕಟ್ಟಿಗೆಯ ಕೊಡತಿಯಿಂದ ಬಡಿಯುವಾಗ, "ಕಿವಿ ಕೊಡು ಬೇಟಿ. ಮಡಿಕಿ ಸರಿ ಕುಂತಿಲ್ಲಂದ್ರ ತಗಡು ಒದರ್ತದ. ಕುಂತ್ರ ಸುಮ್ಮನಾಗ್ತದ" ಎಂದಿರಿ. ಅಂದಿನಿಂದ ನಾನು ಕಿವಿಯಿಂದಲೇ ಕೆಲಸ ಮಾಡಿದೆ.

ಮೊದಲು ಮಾಡಿದ್ದು ಅವ್ವನಿಗೆ ತಂಬಾಕಿನ ಡಬ್ಬಿ. ಅಂಗೈಯಷ್ಟು. ಎರಡು ಅಂಚುಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಬಡಿದದ್ದು, ಬೆಸುಗೆ ಇಲ್ಲದ್ದು. ಡಬ್ಬಿ ಆಯಿತು, ಮುಚ್ಚಳ ಕೂರಲಿಲ್ಲ. ಬಿಚ್ಚಿದೆ. ಇನ್ನೊಂದು ಮಾಡಿದೆ, ಅದು ಸಡಿಲಾಯಿತು. ಮೂಲೆಯಲ್ಲಿ ಕೂದಲೆಳೆಯಷ್ಟು ಹೆಚ್ಚು ಕತ್ತರಿಸಿದರೂ ಮುಚ್ಚಳ ಅಲುಗುತ್ತಿತ್ತು. ಅಳು ಬಂದು ಒಗೆದಾಗ ನೀವು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಗೆದದ್ದನ್ನು ತಂದು ಮತ್ತೆ ನನ್ನ ಮಡಿಲಲ್ಲಿಟ್ಟಿರಿ. ಕಡೆಗೆ ಒಂದು ಸಂಜೆ ಮುಚ್ಚಳ ಮೆಲ್ಲಗೆ, ಒಳಗಿನ ಗಾಳಿ ಹೊರಗೆ ಹಾಕುತ್ತ ಕುಳಿತುಕೊಂಡಿತು. ಅವ್ವ ಅದನ್ನು ತಗೊಂಡಳು. ದಾರಿಯುದ್ದಕ್ಕೂ ಅದನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತ ಮರಳಿಯವರೆಗೆ ನಡೆದಳು.

ಅದಾದಮೇಲೆ ಸಾಸಿವೆ ಜೀರಿಗೆಯ ಡಬ್ಬಿ, ಊದಿನಕಡ್ಡಿಯ ಕೊಳವೆ, ಬೀಜದ ಕಾಳು ಇಲಿಗೆ ಸಿಗದಂತೆ ಇಡುವ ಡಬ್ಬಿ. ಊರವರು ನನ್ನನ್ನು ಕುರುಡಿ ಎನ್ನುವುದು ಬಿಟ್ಟು ಡಬ್ಬಿ ಗಾಳೆವ್ವ ಎಂದರು. ನೀವು ಬೆಸುಗೆ ಮಾತ್ರ ಕಲಿಸಲಿಲ್ಲ. "ಬೆಂಕಿ ಬ್ಯಾಡ ಬೇಟಿ. ಅದು ಸುಟ್ಟಮ್ಯಾಲೇ ಕೈಗೆ ತಿಳಿಯೂದು" ಎಂದಿರಿ. ನೀರು ಎಣ್ಣೆ ಹಾಕುವಂಥವು ನಿಮ್ಮವು, ಒಣಕಾಳಿನವು ನನ್ನವು ಎಂದು ಹಂಚಿಕೊಂಡೆವು. ಯುದ್ಧ ಬಂದು ತಗಡು ಸಿಗದಾದಾಗ ಹಳೆಯ ಡಬ್ಬಿಗಳನ್ನೇ ಬಿಚ್ಚಿ ಹೊಸದು ಮಾಡಿದೆವು. ಆ ವರ್ಷಗಳಲ್ಲಿ ನಿಮ್ಮ ಮಗಳು ಗೌಸಬೀಯ ಮದುವೆಯೂ ಆಯಿತು. ಅವಳನ್ನು ಬೀದರ ಕಡೆಗೆ ಕೊಟ್ಟಿರಿ. ಅವಳು ಹೋಗುವಾಗ ನನ್ನ ಕುತ್ತಿಗೆ ತಬ್ಬಿ, "ನಮ್ಮ ಅಮ್ಮಾಗ ನೀನ ಮಗಳು ಇನ್ನ" ಎಂದಳು.

ಮುಂದಿನದು ನಿಮಗೂ ಗೊತ್ತು. ನಿಜಾಮನ ಕಡೆಯ ರಜಾಕಾರರ ಹೆದರಿಕೆಗೆ ನಮ್ಮವರು ಹೊಳೆ ದಾಟಿ ಬಳ್ಳಾರಿ ಕಡೆ ಓಡಿದಾಗ, ಓಡಲಾರದ ನನ್ನನ್ನೂ ಅವ್ವನನ್ನೂ ನೀವು ಮನೆಯೊಳಗೆ ಇಟ್ಟುಕೊಂಡಿರಿ. ನಿಮ್ಮನ್ನೂ ಅವರ ದಳಕ್ಕೆ ಕರೆದರು, ನೀವು ಹೋಗಲಿಲ್ಲ. ಆಮೇಲೆ ದಿಲ್ಲಿಯ ಸೈನ್ಯ ಬಂತು, ಹೆದರಿಕೆ ನಮ್ಮವರ ಮನೆಗಳಿಂದ ನಿಮ್ಮವರ ಮನೆಗಳಿಗೆ ಹೋಯಿತು. ನಿಮ್ಮ ಅಂಗಡಿಯನ್ನು ಒಡೆದವರಲ್ಲಿ ನಿಮ್ಮಿಂದ ಡಬ್ಬಿ ಮಾಡಿಸಿಕೊಂಡವರೂ ಇದ್ದರು. ಜ್ವರದ ಚಾಚಿಯನ್ನು ಹುಲ್ಲಿನ ಗಾಡಿಯಲ್ಲಿ ಮಲಗಿಸಿ ಮರಳಿಗೆ ತಂದಿರಿ. ಬೀದರ ಕಡೆಯಿಂದ ಕೆಟ್ಟ ಸುದ್ದಿ ಬರುತ್ತಲೇ ಇತ್ತು. ಗೌಸಬೀಯನ್ನು ಹುಡುಕಿ ಬರುತ್ತೇನೆ ಎಂದು ನೀವು ಹೊರಟಿರಿ. ಕತ್ತರಿ, ಕೊಡತಿ, ಬೆಸುಗೆಯ ಕಬ್ಬಿಣ ಇದ್ದ ಚೀಲವನ್ನು ನನ್ನ ಕೈಗೆ ಕೊಟ್ಟು, ಚಾಚಿಗೆ ಏನೋ ನಿಮ್ಮ ಮಾತಿನಲ್ಲಿ ಹೇಳಿದಿರಿ. ನನಗೆ ತಿಳಿಯಲಿಲ್ಲ.

ನೀವು ಹೋದ ಮರುದಿನವೇ ಗೌಡರಾದ ಗಾದಿಲಿಂಗಪ್ಪನವರು ಬಂದರು. "ದುರಗವ್ವ, ಆಕೀನ ಕಳಿಸಿಬಿಡು. ಯಾರರ ನೋಡಿ ಊರಿಗೆ ಬೆಂಕಿ ತಂದ್ರ ಹೊಣಿ ಯಾರು?" ಎಂದರು.

ಅವ್ವ ಕಸ ಬಳಿಯುತ್ತಿದ್ದಳು, ನಿಲ್ಲಿಸಲಿಲ್ಲ. "ಆಕಿಗೆ ಎದ್ದು ನಿಂದ್ರಾಕ ಬರವಲ್ದು ಗೌಡ್ರ. ನೀವ ಹೊತಕೊಂಡು ಎಲ್ಲಿ ಬಿಡತೀರಿ ಬಿಟ್ಟು ಬರ್ರಿ. ನನ್ನ ಕೈಲೆ ಆಗೂದಿಲ್ಲ" ಎಂದಳು. ಗೌಡರ ಕೆರಗಳು ತಿರುಗಿ ಹೋದ ಸದ್ದು ಕೇಳಿತು. ಮತ್ತೆ ಆ ಮಾತು ಎತ್ತಲಿಲ್ಲ.

ಚಾಚಿಯ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಬಿಟ್ಟ ದಿನ ಮಾತಾಡುವಳು. ಒಂದು ದಿನ, ಮನೆಯಲ್ಲಿ ಹಿಡಿದು ಕುಡಿಯಲು ಹಗುರಾದ ಪಾತ್ರೆ ಇಲ್ಲ, ಈ ತಂಬಿಗೆ ಎತ್ತಲು ಆಗುವುದಿಲ್ಲ ಎಂದಳು. ತಗಡಿನದು ಮಾಡುತ್ತೇನೆ ಆದರೆ ಬೆಸುಗೆ ಇಲ್ಲದೆ ಸೋರುತ್ತದೆ ಎಂದೆ. ಅವಳು ಹೊರಸಿನ ಮೇಲೆ ಹೊರಳಿ ನನ್ನ ಕಡೆ ಮುಖ ಮಾಡಿದಳು.

"ನಾ ಜನ್ಮೆಲ್ಲ ಅದನ್ನ ನೋಡಿನಿ, ಮಾಡಿಲ್ಲ. ನೀ ಮಾಡ್ತಿ, ನೋಡಾಕ ಬರಂಗಿಲ್ಲ. ಇಬ್ರೂ ಕೂಡಿದ್ರ ನಿಮ್ಮ ಕಾಕಾ ಆಗ್ತೀವಿ, ತಗಿ ಚೀಲ."

ನೀವು ಬೇಡ ಎಂದದ್ದನ್ನು ನಾವಿಬ್ಬರೂ ಮಾಡಿದೆವು. ಒಲೆಯ ಕೆಂಡದಲ್ಲಿ ಬೆಸುಗೆಯ ಕಬ್ಬಿಣ ಇಟ್ಟೆ. "ಇನ್ನೂ ಕರ್ರಗ ಐತಿ. ತಡಿ. ಈಗ ತಗಿ" ಎನ್ನುವಳು. ಬೆಸುಗೆಗೆ ಬಳಸುವ ನವಸಾಗರದ ಉಪ್ಪಿನ ಮೇಲೆ ಉಜ್ಜಿದಾಗ ಬರುವ ಹೊಗೆಗೆ ಇಬ್ಬರೂ ಕೆಮ್ಮಿದೆವು. "ಮೂಗಿನ ಕಡೆ ಎಳಿ. ನಿಂದ್ರಬ್ಯಾಡ. ತವರ ಕರಗಿ ಹೊಳೀತಾ ಹರಿಯಾಕ ಹತ್ತೈತಿ, ಹಂಗ ಹೋಗು" ಎಂದು ಸಣ್ಣ ದನಿಯಲ್ಲಿ ದಾರಿ ತೋರಿಸಿದಳು. ಕೈ ಸುಟ್ಟಿತು. ಮೊದಲು ಮಾಡಿದ ಲೋಟಕ್ಕೆ ನೀರು ಹಾಕಿದರೆ ಅದು ಪೂರಾ ಅವಳ ಹಾಸಿಗೆಗೆ ಸುರಿಯಿತು. ಚಾಚಿ ನಕ್ಕಳು ಕಾಕಾ. ಹೊಟ್ಟೆ ಹಿಡಿದುಕೊಂಡು, ಕೆಮ್ಮುತ್ತ, ನಕ್ಕಳು. ಆಮೇಲೆ ಮಾಡಿದ್ದು ಸೋರಲಿಲ್ಲ. ಕಡೆಯವರೆಗೆ ಅವಳು ಅದರಲ್ಲೇ ಗಂಜಿ ಕುಡಿದಳು.

ಸಂಜೆಯಾದರೆ ಓಣಿಯಲ್ಲಿ ಜನ ಹೊಲದಿಂದ ಬರುವ ಸದ್ದು. ನನಗೆ ಹೆಜ್ಜೆಯ ಗುರುತು ಇದೆ ಎಂದು ಅವಳಿಗೆ ಗೊತ್ತಿತ್ತು. "ಅದು ಯಾರು, ಬೇಟಿ?" ಎಂದು ಕೇಳುವಳು. "ಗೋಣೆಪ್ಪ ಮಾವ" ಎನ್ನುವೆ. ಸ್ವಲ್ಪ ಹೊತ್ತಿಗೆ, "ಅದು?" ಎನ್ನುವಳು. "ಗೌಡ್ರ ಆಳುಮಗ." ನಿಮ್ಮ ಹೆಜ್ಜೆ ಎಂದು ನಾನು ಒಮ್ಮೆಯೂ ಹೇಳಲಿಲ್ಲ, ಹೇಳಿ ನಂಬಿಸಬೇಕೆಂದೂ ಅನಿಸಲಿಲ್ಲ. ಅವಳು ನನ್ನ ಕಿವಿಯನ್ನು ನಂಬಿ ಕೇಳುತ್ತಿದ್ದಳು. ಒಂದು ಸಂಜೆ ಓಣಿಯಲ್ಲಿ ಬಹಳ ಜನ ಹಾಯ್ದು ಹೋದರು, ಯಾರೆಂದು ಅವಳು ಕೇಳಲಿಲ್ಲ. ಎಚ್ಚರವಾಗಿಯೇ ಇದ್ದಳು. ಅವಳು ಕಾಯುವುದನ್ನು ಬಿಟ್ಟಳೆಂದು ಆಗಲೇ ನನಗೆ ತಿಳಿಯಿತು.

ಮರುದಿನ ಮುಂಜಾನೆ ಅವ್ವನನ್ನು ಹತ್ತಿರ ಕರೆದಳು. "ನಮ್ಮ ಹೆಣ್ಮಕ್ಕಳು ಇಲ್ಲಿ ಯಾರೂ ಇಲ್ಲ. ನನ್ನ ಮೈ ನೀವ ತೊಳೀರಿ. ಬೆಚ್ಚಗಿನ ನೀರು. ಬಲಗಡೆಯಿಂದ ಸುರು ಮಾಡ್ರಿ. ಗಂಡಸರ ಕೈಗೆ ಕೊಡಬ್ಯಾಡ್ರಿ" ಎಂದಳು. ನಿಮ್ಮ ಬಗ್ಗೆ ಹೇಳಿದ್ದು ಇಷ್ಟೇ: "ಅವರು ಬಂದ್ರ, ಮಗಳನ್ನ ಹುಡುಕಾಕ ನಾನ ಕಳಿಸಿದ್ದೆ ಅನ್ರಿ. ಬಿಟ್ಟು ಹೋದೆ ಅಂತ ಅವರು ಅನಕೋಬಾರದು." ಬಿಸಿಲು ಏರುವ ಹೊತ್ತಿಗೆ ಉಸಿರು ನಿಂತಿತು.

ಅವಳು ಹೇಳಿದ ಹಾಗೆಯೇ ಮಾಡಿದೆವು. ಅವ್ವ ನೀರು ಹಾಕಿದಳು, ನಾನು ತೊಳೆದೆ. ಅವಳ ಮುಖವನ್ನು ನಾನು ಆವತ್ತಿನವರೆಗೆ ಮುಟ್ಟಿರಲಿಲ್ಲ ಕಾಕಾ. ಅಷ್ಟು ವರ್ಷ ಒಂದೇ ಅಂಗಳದಲ್ಲಿ ಕುಳಿತು, ದನಿಯೊಂದನ್ನೇ ಬಲ್ಲವಳಾಗಿದ್ದೆ. ಗಲ್ಲದ ಮೇಲೆ ಸಣ್ಣ ಗುಳಿ ಇತ್ತು. ಹುಬ್ಬು ದಪ್ಪ. ಮುಂಗೈಯಲ್ಲಿ ಒಲೆಯ ಸುಟ್ಟ ಕಲೆ. ನೀವು ನೋಡಿ ಬಲ್ಲದ್ದನ್ನು ನಾನು ಅವಳು ತಣ್ಣಗಾದಮೇಲೆ ಬಲ್ಲೆ.

ಗಂಗಾವತಿಯ ಖಬರಸ್ತಾನಕ್ಕೆ ಒಯ್ಯುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ಗೋಣೆಪ್ಪ ಮಾವ ಗಾಡಿ ಕಟ್ಟಿಕೊಂಡು ಹೋಗಿ ಕನಕಗಿರಿಯಿಂದ ನಮಾಜು ಬಲ್ಲ ಒಬ್ಬ ಮುದುಕ ಪಿಂಜಾರರನ್ನು ಕರೆತಂದ. ಜಾಗ ಕೊಟ್ಟವರು ಗಾದಿಲಿಂಗಪ್ಪ ಗೌಡರೇ, ತಮ್ಮ ಹೊಲದ ಬದುವಿನಲ್ಲಿ. ಸ್ವತಃ ನಿಂತು ಅಗೆಸಿದರು. ಮುದುಕರು ಒಬ್ಬರೇ ನಮಾಜು ಮಾಡಿದರು, ಹಿಂದೆ ನಿಲ್ಲಲು ಅವರ ಪೈಕಿ ಇನ್ನೊಬ್ಬರಿರಲಿಲ್ಲ. ನಮ್ಮ ಗಂಡಸರು ರುಮಾಲು ತೆಗೆದು ದೂರ ನಿಂತಿದ್ದರಂತೆ.

ಅಮರಪ್ಪನವರು ನಿಮ್ಮನ್ನು ಒಬ್ಬರನ್ನೇ ಕಂಡೆ ಎಂದರು. ಪಕ್ಕದಲ್ಲಿ ಗೌಸಬೀ ಇದ್ದಳೇ ಎಂದು ಅವ್ವ ಕೇಳಲು ಹೋದಳು, ನಾನು ಅವಳ ಸೆರಗು ಜಗ್ಗಿದೆ. ಅದನ್ನು ಹೇಳುವುದು ನಿಮಗೆ ಬಿಟ್ಟದ್ದು. ಹೇಳುವಂಥದು ಅಲ್ಲದಿದ್ದರೆ ಹೇಳಬೇಡಿರಿ. ನಿಮ್ಮ ಪತ್ರ ಬಾರದಿದ್ದರೂ ನಮಗೆ ತಿಳಿಯುತ್ತದೆ.

ನಾನು ಈಗಲೂ ಡಬ್ಬಿ ಮಾಡುತ್ತೇನೆ. ನೀರಿನವನ್ನೂ ಮಾಡುತ್ತೇನೆ, ಕಬ್ಬಿಣ ಕಾದದ್ದನ್ನು ಗಲ್ಲದ ಹತ್ತಿರ ಹಿಡಿದು ತಿಳಿಯುತ್ತೇನೆ. ಕೆಲವು ಸೋರುತ್ತವೆ. ಬರುವ ಮನಸ್ಸಾದರೆ ಹಗಲಿನ ಹೊತ್ತು ಬನ್ನಿರಿ, ಈಗ ಯಾರೂ ಏನೂ ಅನ್ನುವುದಿಲ್ಲ. ಗೌಡರ ಹೊಲದವರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಆ ದಾರಿ ನನ್ನ ಕಾಲಿಗೆ ರೂಢಿಯಾಗಿದೆ. ಈ ಊರನ್ನು ಮತ್ತೆ ತುಳಿಯುವ ಮನಸ್ಸಿಲ್ಲದಿದ್ದರೆ ಬರಬೇಡಿರಿ ಕಾಕಾ. ಈ ಸಲ ಮಳೆಗಾಲ ಮುಗಿದಮೇಲೆ ಗೋರಿಯ ಮಣ್ಣು ಕುಸಿದಿತ್ತು. ಅವ್ವನೂ ನಾನೂ ಹೋಗಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ಸಮ ಮಾಡಿದೆವು. ಇನ್ನು ಮೇಲೂ ಪ್ರತಿ ವರ್ಷ ಮಾಡುತ್ತೇವೆ.

ನೀವು ನಂಬಿದ ದೇವರು ನಿಮಗೆ ಆ ಊರಲ್ಲಿ ಹೊತ್ತು ಹೊತ್ತಿಗೆ ತುತ್ತು ಕೊಡಲಿ, ಮಲಗಿದಾಗ ನಿದ್ದೆ ಕೊಡಲಿ.

ನಿಮ್ಮ ಕೈಯಲ್ಲಿ ಕಲಿತವಳು,
ಗಾಳೆಮ್ಮ
(ಹೆಬ್ಬೆಟ್ಟು ಒತ್ತಿದ್ದೇನೆ)